ಮನೆಯಲ್ಲಿ ಮಾಡುವ ವೀರ್ಯ ಪರೀಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದು?



ಮದುವೆಯಾಗಿ ವರ್ಷ ಒಂದು ಕಳೆಯಿತೆಂದರೆ ಊರಿನವರು ಕೇಳುವ ಮೊದಲ ಪ್ರಶ್ನೆ ಯಾವುದೆಂಬುದು ನಿಮಗೆಲ್ಲ ತಿಳಿದದ್ದೇ. "ಏನಮ್ಮಾ, ಏನಾದರೂ ವಿಶೇಷ ಉಂಟೆ?" ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಹೆಂಡತಿಗೆ ಕೇಳುತ್ತಾರೆಯೇ ಹೊರತು ಗಂಡನಿಗೆ ಯಾರೂ ಕೇಳುವುದಿಲ್ಲ. ಹರಕೆ ಹೊರುವವಳು ಅವಳು, ಅರಳಿಕಟ್ಟೆ ಸುತ್ತುವವಳು ಅವಳು, ನಾಗರಕಲ್ಲಿಗೆ ಹಾಲೆರೆಯುವವಳು ಅವಳು, ಕೊನೆಗೆ ಕಂಡ ಕಂಡವರು ಕೊಟ್ಟ ಔಷಧಿಯನ್ನು ಕುಡಿಯುವವಳೂ ಅವಳೇ. "ಬಂಜೆ" ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಒಬ್ಬ ಹೆಣ್ಣುಮಗಳ ಮುಖ.

ಆದರೆ ವೈದ್ಯಶಾಸ್ತ್ರವು ಕಂಡುಕೊಂಡಿರುವ ಸಂಗತಿ ಬೇರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಕೆಲವರಲ್ಲಿ ಅದೊಂದೇ ಕಾರಣ; ಮತ್ತೆ ಕೆಲವರಲ್ಲಿ ಹೆಣ್ಣಿನ ಕಡೆಯ ಕಾರಣದೊಡನೆ ಅದೂ ಸೇರಿಕೊಂಡಿರುತ್ತದೆ. ಆದುದರಿಂದ ಮಕ್ಕಳಾಗಲಿಲ್ಲವೆಂದು ವೈದ್ಯರ ಬಳಿಗೆ ಬಂದವರಲ್ಲಿ ಗಂಡ ಹೆಂಡಿರಿಬ್ಬರನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂಬುದು ಇಂದು ಎಲ್ಲ ವೈದ್ಯರೂ ಒಪ್ಪಿಕೊಂಡಿರುವ ಕ್ರಮ.

ಗಂಡಸರಲ್ಲಿ ಅನೇಕರು ಈ ಪರೀಕ್ಷೆಗೆ ಹಿಂಜರಿಯುತ್ತಾರೆ. ಆಸ್ಪತ್ರೆಗೆ ಹೋಗಿ ವೀರ್ಯವನ್ನು ಕೊಡುವುದೆಂದರೆ ನಾಚಿಕೆ. ಊರಿನವರು ಯಾರಾದರೂ ಕಂಡಾರೆಂಬ ಅಂಜಿಕೆ. ಈ ನಾಚಿಕೆಯನ್ನು ತಪ್ಪಿಸಲೆಂದೇ ಮನೆಯಲ್ಲಿ ಮಾಡಿಕೊಳ್ಳಬಹುದಾದ ವೀರ್ಯ ಪರೀಕ್ಷೆಯ ಕಿಟ್ಟುಗಳು ಈಗ ಬಂದಿವೆ. ಪಟ್ಟಣದ ಕೆಲವು ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ. ಮೊಬೈಲಿನಲ್ಲಿ ತಿಳಿಸಿದರೆ ಮನೆ ಬಾಗಿಲಿಗೂ ಬರುತ್ತವೆ. ಈ ಪರೀಕ್ಷೆಗಳು ಎಷ್ಟು ಸರಿ, ಅವುಗಳಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ಒಂದು ಸಂಸಾರದ ಸಂಗತಿಯಿಂದ ಪ್ರಾರಂಭಿಸುತ್ತೇನೆ. ಊರು ಹೆಸರು ಬೇಡ. ಮದುವೆಯಾಗಿ ನಾಲ್ಕು ವರ್ಷ ತುಂಬಿದ್ದ ಗಂಡ ಹೆಂಡಿರಿಬ್ಬರು ಆಸ್ಪತ್ರೆಗೆ ಬಂದಿದ್ದರು. ಹೆಂಡತಿಯ ಕೈಯಲ್ಲಿ ಪರೀಕ್ಷೆಯ ಚೀಟಿಗಳ ದಪ್ಪನೆಯ ಕಟ್ಟು ಇತ್ತು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್-ರೇ, ಎಲ್ಲವನ್ನೂ ಆಕೆಗೆ ಮಾಡಿಸಿದ್ದರು. ಗಂಡನ ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಿದಾಗ ಆತ ಅಂಗಿಯ ಜೇಬಿನಿಂದ ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಪಟ್ಟಿಯನ್ನು ಹೊರತೆಗೆದ. ಎರಡು ವರ್ಷದ ಹಿಂದೆ ಮನೆಯಲ್ಲಿಯೇ ಮಾಡಿಕೊಂಡ ಪರೀಕ್ಷೆ. ಪಟ್ಟಿಯ ಮೇಲೆ ಎರಡು ಗೆರೆ ಮೂಡಿತ್ತು. ಎರಡು ಗೆರೆ ಬಂದರೆ ವೀರ್ಯಾಣುಗಳು ಸಾಕಷ್ಟಿವೆಯೆಂದು ಅರ್ಥ. ಅಂದಿನಿಂದ ಆ ಮನೆಯಲ್ಲಿ ತೀರ್ಮಾನವಾಗಿ ಹೋಗಿತ್ತು: ದೋಷ ಗಂಡನದಲ್ಲ, ಆಕೆಯದೇ. ಎರಡು ವರ್ಷ ಆ ಪಟ್ಟಿ ಬೀರುವಿನಲ್ಲಿ ಸಾಕ್ಷಿಯಂತೆ ಭದ್ರವಾಗಿತ್ತು.

ಪ್ರಯೋಗಶಾಲೆಯಲ್ಲಿ ಆತನ ವೀರ್ಯವನ್ನು ಪರೀಕ್ಷಿಸಿದಾಗ ವೀರ್ಯಾಣುಗಳ ಸಂಖ್ಯೆ ನಿಜವಾಗಿಯೂ ಸಾಕಷ್ಟಿತ್ತು. ಆದರೆ ಅವುಗಳಲ್ಲಿ ಮುಂದಕ್ಕೆ ಚಲಿಸುವಂಥವು ಬಹಳ ಕಡಿಮೆ. ಹೆಚ್ಚಿನವು ಇದ್ದಲ್ಲಿಯೇ ಬಿದ್ದಿದ್ದವು. ದೇಹಪರೀಕ್ಷೆ ಮಾಡಿದಾಗ ವೃಷಣದ ಮೇಲಿನ ರಕ್ತನಾಳಗಳು ಉಬ್ಬಿಕೊಂಡಿರುವುದೂ ಕಂಡುಬಂದಿತು. ಆಗ ಆತ ಕೇಳಿದ, "ಡಾಕ್ಟರೇ, ಹಾಗಾದರೆ ಆ ಪಟ್ಟಿ ನಮಗೆ ಸುಳ್ಳು ಹೇಳಿತೆ?"

ಪಟ್ಟಿ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದ ಒಂದೇ ಒಂದು ಸಂಗತಿಯನ್ನು ಅದು ಸರಿಯಾಗಿಯೇ ಹೇಳಿತ್ತು. ಅದು ಹೇಳದೆ ಇದ್ದುದನ್ನು ಮನೆಯವರು ಊಹಿಸಿಕೊಂಡಿದ್ದರು.

ಇದು ನಿಮಗೆ ಮನದಟ್ಟಾಗಬೇಕಾದರೆ ನಿಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನೆನಪಿಗೆ ತಂದುಕೊಳ್ಳಿ. ಹಾಲಿಗೆ ನೀರು ಬೆರೆತಿದೆಯೆ ಎಂದು ನೋಡಲು ಲ್ಯಾಕ್ಟೋಮೀಟರನ್ನು ಇಳಿಬಿಡುತ್ತಾರೆ. ಅದು ಅಳೆಯುವುದು ಹಾಲಿನ ಸಾಂದ್ರತೆಯೊಂದನ್ನೇ. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ. ನೀರು ಬೆರೆಸಿದರೆ ಇಳಿಯುತ್ತದೆ. ಮೊದಲು ಕೆನೆ ತೆಗೆದು, ಆಮೇಲೆ ಅಳತೆಯರಿತು ನೀರು ಬೆರೆಸಿದರೆ ಲ್ಯಾಕ್ಟೋಮೀಟರು ಒಳ್ಳೆಯ ಹಾಲಿನ ಗುರುತನ್ನೇ ತೋರಿಸುತ್ತದೆ. ಆದ್ದರಿಂದಲೇ ಸಂಘದವರು ಅದೊಂದನ್ನೇ ನಂಬದೆ ಜಿಡ್ಡಿನ ಅಂಶವನ್ನೂ ಬೇರೆಯಾಗಿ ಪರೀಕ್ಷಿಸುತ್ತಾರೆ. ಲ್ಯಾಕ್ಟೋಮೀಟರು ಕೆಟ್ಟ ಸಾಧನವಲ್ಲ. ಆದರೆ ಅದು ಕೇಳಿದ ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಮನೆಯಲ್ಲಿ ಮಾಡುವ ವೀರ್ಯ ಪರೀಕ್ಷೆಯೂ ಹಾಗೆಯೇ.

ಈಗ ಶರೀರದ ಕಡೆಗೆ ಗಮನ ಕೊಡೋಣ. ಗಂಡಸಿನ ಎರಡು ವೃಷಣಗಳಲ್ಲಿ ವೀರ್ಯಾಣುಗಳು ಹಗಲಿರುಳೂ ಉತ್ಪತ್ತಿಯಾಗುತ್ತಿರುತ್ತವೆ. ಇವು ಬರಿಗಣ್ಣಿಗೆ ಕಾಣುವುದಿಲ್ಲ. 1677ರಲ್ಲಿ ಹಾಲೆಂಡಿನ ಲೀವನ್‌ಹುಕ್ ಎಂಬಾತನು ತಾನೇ ತಯಾರಿಸಿದ ಸೂಕ್ಷ್ಮದರ್ಶಕದ ಮೂಲಕ ಇವುಗಳನ್ನು ಕಂಡು ಬರೆದಿಟ್ಟನು. ವೀರ್ಯಾಣುವಿಗೆ ಒಂದು ತಲೆ, ಒಂದು ಬಾಲ. ಬಾಲವನ್ನು ಬಡಿಯುತ್ತ ಅದು ಈಜುತ್ತದೆ. ಗರ್ಭಕೋಶವನ್ನು ಹಾಯ್ದು, ಗರ್ಭನಾಳವನ್ನು ಸೇರಿ, ಅಲ್ಲಿರುವ ಅಂಡಾಣುವನ್ನು ಕೂಡಿದಾಗ ಗರ್ಭ ಕಟ್ಟುತ್ತದೆ. ಗಂಡು ಬೀಜ, ಹೆಣ್ಣು ಹೊಲ ಎಂದು ಹಿಂದಿನವರು ಹೇಳುತ್ತಿದ್ದರು. ಈ ಮಾತು ಸರಿಯಲ್ಲ. ಮಗುವಿನ ಬೀಜದಲ್ಲಿ ಅರ್ಧ ತಂದೆಯದು, ಅರ್ಧ ತಾಯಿಯದು.

ಅಂದಮೇಲೆ ಗರ್ಭ ನಿಲ್ಲಬೇಕಾದರೆ ವೀರ್ಯಾಣುಗಳ ಸಂಖ್ಯೆಯೊಂದೇ ಸಾಲದು. ಅವು ಜೀವಂತವಾಗಿರಬೇಕು, ಮುಂದಕ್ಕೆ ಈಜುವ ಶಕ್ತಿಯುಳ್ಳವಾಗಿರಬೇಕು, ತಕ್ಕಮಟ್ಟಿಗೆ ಸರಿಯಾದ ಆಕಾರದವಾಗಿರಬೇಕು. ಹೊರಬರುವ ವೀರ್ಯದ ಪ್ರಮಾಣವೂ ಸಾಕಷ್ಟಿರಬೇಕು.

ಮನೆಯ ಕಿಟ್ಟುಗಳಲ್ಲಿ ಹಲವು ಬಗೆಗಳುಂಟು. ಹೆಚ್ಚು ಬಳಕೆಯಲ್ಲಿರುವುದು ಪಟ್ಟಿಯ ಬಗೆ. ಗರ್ಭಿಣಿಯೇ ಎಂದು ತಿಳಿಯಲು ಹೆಂಗಸರು ಮೂತ್ರದಲ್ಲಿ ಪರೀಕ್ಷಿಸುವ ಪಟ್ಟಿಯಂತೆಯೇ ಇದೂ ಇರುತ್ತದೆ. ವೀರ್ಯಾಣುವಿನ ತಲೆಯ ಭಾಗದಲ್ಲಿರುವ ಒಂದು ಪ್ರೋಟೀನು ನಿಗದಿಯಾದ ಮಟ್ಟಕ್ಕಿಂತ ಹೆಚ್ಚಾಗಿದ್ದರೆ ಗೆರೆ ಮೂಡುತ್ತದೆ. ಸತ್ತ ವೀರ್ಯಾಣುವಿನಲ್ಲಿಯೂ ಈ ಪ್ರೋಟೀನು ಇರುವುದರಿಂದ ಸತ್ತದ್ದು ಯಾವುದು, ಬದುಕಿರುವುದು ಯಾವುದು ಎಂಬ ಭೇದ ಈ ಪಟ್ಟಿಗೆ ತಿಳಿಯದು. ಎರಡನೆಯ ಬಗೆಯ ಸಾಧನಗಳು ಈಜಬಲ್ಲ ವೀರ್ಯಾಣುಗಳು ಮಾತ್ರ ದಾಟಿಹೋಗುವಂತೆ ತಡೆಯೊಂದನ್ನಿಟ್ಟು ಅವುಗಳ ಪ್ರಮಾಣವನ್ನು ಬಣ್ಣದಿಂದ ತೋರಿಸುತ್ತವೆ. ಮೂರನೆಯ ಬಗೆಯಲ್ಲಿ ಸಣ್ಣ ಮಸೂರವನ್ನು ಮೊಬೈಲಿಗೆ ಜೋಡಿಸಿ ವೀರ್ಯಾಣುಗಳ ಚಲನೆಯ ಚಿತ್ರವನ್ನು ತೆಗೆದು ಲೆಕ್ಕಹಾಕುತ್ತಾರೆ. ಇವೆರಡೂ ಬರಿಯ ಪಟ್ಟಿಗಿಂತ ಹೆಚ್ಚಿನ ಸಂಗತಿಯನ್ನು ತಿಳಿಸುತ್ತವೆ ನಿಜ. ಆದರೂ ಪ್ರಯೋಗಶಾಲೆಯ ಪೂರ್ಣ ಪರೀಕ್ಷೆಯ ಸ್ಥಾನವನ್ನು ಇವು ಯಾವುವೂ ತುಂಬಲಾರವು.

ಕಿಟ್ಟಿನ ಪೆಟ್ಟಿಗೆಯ ಮೇಲೆ "ನೂರಕ್ಕೆ 98ರಷ್ಟು ನಿಖರ" ಎಂಬಂಥ ಮಾತು ಅಚ್ಚಾಗಿರಬಹುದು. ಇದರ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನೂರು ವೀರ್ಯದ ಮಾದರಿಗಳನ್ನು ಪ್ರಯೋಗಶಾಲೆಯಲ್ಲಿಯೂ ಎಣಿಸಿ, ಪಟ್ಟಿಯಲ್ಲಿಯೂ ಪರೀಕ್ಷಿಸಿದಾಗ, ಸಂಖ್ಯೆಯು ಗೊತ್ತಾದ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬ ವಿಷಯದಲ್ಲಿ 98 ಸಲ ಎರಡರ ಉತ್ತರವೂ ಒಂದೇ ಆಯಿತು ಎಂದಷ್ಟೇ ಅದರ ಅರ್ಥ. ಈ ಪರೀಕ್ಷೆಯಲ್ಲಿ ಗೆದ್ದ ನೂರು ಮಂದಿಯಲ್ಲಿ 98 ಮಂದಿ ತಂದೆಯರಾಗುತ್ತಾರೆ ಎಂದು ಅರ್ಥವಲ್ಲ. ಸೋತವರು ತಂದೆಯರಾಗುವುದಿಲ್ಲ ಎಂದೂ ಅರ್ಥವಲ್ಲ.

ಈ "ಗೊತ್ತಾದ ಮಟ್ಟ" ಎಂಬುದು ಏನು? ವಿಶ್ವ ಆರೋಗ್ಯ ಸಂಸ್ಥೆಯು ವೀರ್ಯ ಪರೀಕ್ಷೆಯ ವಿಧಾನವನ್ನು ಕುರಿತ ಕೈಪಿಡಿಯನ್ನು 1980ರಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. ಅದರ ಆರನೆಯ ಆವೃತ್ತಿ 2021ರಲ್ಲಿ ಹೊರಬಂದಿತು. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದಂಥ ಗಂಡಸರ ವೀರ್ಯವನ್ನು ಅನೇಕ ದೇಶಗಳಲ್ಲಿ ಪರೀಕ್ಷಿಸಿ, ಅವರಲ್ಲಿ ಅತಿ ಕಡಿಮೆಯಿದ್ದ ನೂರಕ್ಕೆ ಐದು ಮಂದಿಯನ್ನು ಬೇರ್ಪಡಿಸುವ ಗೆರೆಯನ್ನು ಅದರಲ್ಲಿ ಕೊಟ್ಟಿದ್ದಾರೆ. ಆ ಪ್ರಕಾರ ಒಂದು ಮಿಲಿಲೀಟರು ವೀರ್ಯದಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳು, ಒಂದು ಸಲದ ವೀರ್ಯದಲ್ಲಿ ಒಟ್ಟು 3 ಕೋಟಿ 90 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ನೂರಕ್ಕೆ 42 ಚಲಿಸುವಂಥವು, ನೂರಕ್ಕೆ 30 ಮುಂದಕ್ಕೆ ಈಜುವಂಥವು, ವೀರ್ಯದ ಪ್ರಮಾಣ 1.4 ಮಿಲಿಲೀಟರು, ಇವು ಕೆಳಗಿನ ಎಲ್ಲೆಗಳು. ಸರಿಯಾದ ಆಕಾರದವು ನೂರಕ್ಕೆ 4 ಇದ್ದರೂ ಸಾಕು. ವರದಿಯಲ್ಲಿ "ನೂರಕ್ಕೆ 96 ವಿಕಾರ" ಎಂದು ಓದಿ ಯಾರೂ ಹೆದರಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಈ ಗೆರೆಗಿಂತ ಕೆಳಗಿದ್ದ ಐದು ಮಂದಿಯೂ ತಂದೆಯರಾದವರೇ! ಹೀಗಿರುವಾಗ ಗೆರೆಯ ಕೆಳಗೆ ಬಂದವನಿಗೆ ಮಕ್ಕಳಾಗುವುದೇ ಇಲ್ಲವೆಂದಾಗಲಿ, ಮೇಲೆ ಬಂದವನಿಗೆ ಆಗಿಯೇ ತೀರುತ್ತದೆಯೆಂದಾಗಲಿ ಹೇಳಲು ಹೇಗೆ ಸಾಧ್ಯ?

ಅದೂ ಅಲ್ಲದೆ ಎಲ್ಲ ಕಿಟ್ಟುಗಳ ಗೆರೆಯೂ ಒಂದೇ ಅಲ್ಲ. ಹಳೆಯ ಎಲ್ಲೆಯನ್ನು ಅನುಸರಿಸಿ ಕೆಲವು ಮಿಲಿಲೀಟರಿಗೆ 2 ಕೋಟಿಯನ್ನೂ, ಕೆಲವು 1 ಕೋಟಿ 50 ಲಕ್ಷವನ್ನೂ ಮಟ್ಟವಾಗಿ ಇಟ್ಟುಕೊಂಡಿವೆ. 1 ಕೋಟಿ 80 ಲಕ್ಷವಿರುವ ಒಬ್ಬನೇ ಗಂಡಸು ಒಂದು ಕಿಟ್ಟಿನಲ್ಲಿ "ಕಡಿಮೆ" ಎಂದೂ ಮತ್ತೊಂದರಲ್ಲಿ "ಸರಿ" ಎಂದೂ ಉತ್ತರ ಪಡೆಯುತ್ತಾನೆ. ಆತನ ಶರೀರದಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಕಿಟ್ಟಿನ ಗೆರೆ.

ವೀರ್ಯದ ಪ್ರಮಾಣದ ವಿಷಯವನ್ನೂ ಲೆಕ್ಕಹಾಕಿ ನೋಡೋಣ. ಒಬ್ಬನಿಗೆ ಮಿಲಿಲೀಟರಿಗೆ 3 ಕೋಟಿ ವೀರ್ಯಾಣುಗಳಿವೆ, ಆದರೆ ವೀರ್ಯ ಒಂದೇ ಮಿಲಿಲೀಟರು. ಒಟ್ಟು 3 ಕೋಟಿ ಮಾತ್ರ. ಮತ್ತೊಬ್ಬನಿಗೆ ಮಿಲಿಲೀಟರಿಗೆ 1 ಕೋಟಿ 20 ಲಕ್ಷ, ಆದರೆ ವೀರ್ಯ ನಾಲ್ಕು ಮಿಲಿಲೀಟರು. ಒಟ್ಟು 4 ಕೋಟಿ 80 ಲಕ್ಷ. ಪಟ್ಟಿಯು ಮೊದಲನೆಯವನಿಗೆ "ಸರಿ" ಎನ್ನುತ್ತದೆ, ಎರಡನೆಯವನಿಗೆ "ಕಡಿಮೆ" ಎನ್ನುತ್ತದೆ. ಒಟ್ಟು ಲೆಕ್ಕದಲ್ಲಿ ಎರಡನೆಯವನೇ ಮುಂದು.

ಇನ್ನು "ಕಡಿಮೆ" ಎಂಬ ಉತ್ತರದೊಳಗೂ ಎಷ್ಟೋ ಬಗೆಯುಂಟು. ಎಲ್ಲೆಗಿಂತ ಸ್ವಲ್ಪವೇ ಕಡಿಮೆ ಇರಬಹುದು, ಒಂದೂ ಇಲ್ಲದಿರಬಹುದು. ಪಟ್ಟಿಗೆ ಎರಡೂ ಒಂದೇ. ಆದರೆ ವೈದ್ಯರಿಗೆ ಇವೆರಡೂ ಬೇರೆ ಬೇರೆ ಸ್ಥಿತಿಗಳು. ಒಂದೂ ವೀರ್ಯಾಣು ಇಲ್ಲದಿದ್ದರೆ ನಾಳ ಕಟ್ಟಿಕೊಂಡಿದೆಯೆ, ಉತ್ಪತ್ತಿಯೇ ನಿಂತಿದೆಯೆ, ಗ್ರಂಥಿಗಳ ರಸದಲ್ಲಿ ವ್ಯತ್ಯಾಸವಾಗಿದೆಯೆ ಎಂದು ಹುಡುಕಬೇಕಾಗುತ್ತದೆ. ಕೆಲವೊಮ್ಮೆ ವೃಷಣದ ಗಡ್ಡೆಯಂಥ ಬೇರೆ ರೋಗಗಳೂ ಈ ಸಂದರ್ಭದಲ್ಲಿಯೇ ಬೆಳಕಿಗೆ ಬರುತ್ತವೆ. ಪಟ್ಟಿಯನ್ನು ನೋಡಿ ಮನೆಯಲ್ಲಿ ಸುಮ್ಮನೆ ಕುಳಿತವನಿಗೆ ಈ ಲಾಭ ದೊರೆಯುವುದಿಲ್ಲ.

ಮನೆಯಲ್ಲಿ ಪರೀಕ್ಷೆ ಮಾಡುವಾಗ ಆಗುವ ತಪ್ಪುಗಳೂ ಅನೇಕ. ವೀರ್ಯದ ಮೊದಲ ಭಾಗದಲ್ಲಿಯೇ ವೀರ್ಯಾಣುಗಳು ಹೆಚ್ಚಾಗಿರುತ್ತವೆ. ಅದು ಹೊರಗೆ ಚೆಲ್ಲಿಹೋದರೆ ಉಳಿದುದರ ಎಣಿಕೆ ಸಹಜವಾಗಿಯೇ ಕಡಿಮೆಯಾಗುತ್ತದೆ. ಹೊರಬಂದ ವೀರ್ಯ ಮೊದಲು ಗಟ್ಟಿಯಾಗಿದ್ದು ಆಮೇಲೆ ತೆಳುವಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ 15ರಿಂದ 30 ನಿಮಿಷ ಬೇಕು. ಕೆಲವರಲ್ಲಿ ಒಂದು ಗಂಟೆಯೂ ಆಗಬಹುದು. ತೆಳುವಾಗುವ ಮೊದಲೇ ಪಟ್ಟಿಗೆ ಹಾಕಿದರೆ ಫಲಿತಾಂಶ ಕೆಡುತ್ತದೆ. ಎಣ್ಣೆ, ಸಾಬೂನು, ಎಂಜಲು ತಗುಲಬಾರದು. ಸಾಮಾನ್ಯ ನಿರೋಧ್‌ನಲ್ಲಿ ವೀರ್ಯವನ್ನು ಸಂಗ್ರಹಿಸಕೂಡದು. ಅದಕ್ಕೆ ಸವರಿರುವ ದ್ರವ ವೀರ್ಯಾಣುಗಳಿಗೆ ಹಾನಿ ಮಾಡುತ್ತದೆ. ಹೇಳಿದ ಹೊತ್ತಿಗಿಂತ ತಡವಾಗಿ ಪಟ್ಟಿಯನ್ನು ನೋಡಬಾರದು. ಅವಧಿ ಮುಗಿದ ಕಿಟ್ಟನ್ನು ಬಳಸಬಾರದು. ಪೆಟ್ಟಿಗೆಯ ಮೇಲೆ ಸೂಚಿಸಿದ ಉಷ್ಣತೆಯನ್ನು ಮೀರಿದ ಕಡೆ ಅದನ್ನು ಇಡಬಾರದು. ರಾಯಚೂರು, ಕಲಬುರಗಿ ಕಡೆಯ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಇದ್ದ ಕಿಟ್ಟು ಸರಿಯಾದ ಉತ್ತರ ಕೊಡುತ್ತದೆಯೆಂದು ಹೇಗೆ ನಂಬುವುದು?

ಇವೆಲ್ಲವನ್ನೂ ಸರಿಯಾಗಿ ಮಾಡಿದರೂ ಒಂದು ದಿನದ ಪರೀಕ್ಷೆ ಒಂದು ದಿನದ್ದೇ. ಹಸುವಿನ ಒಂದು ಹೊತ್ತಿನ ಕರಾವನ್ನು ನೋಡಿ ಅದರ ವರ್ಷದ ಹಾಲನ್ನು ಯಾವ ರೈತನೂ ಹೇಳುವುದಿಲ್ಲ. ಆರೋಗ್ಯವಂತನಲ್ಲಿಯೂ ವೀರ್ಯಾಣುಗಳ ಸಂಖ್ಯೆ ದಿನದಿಂದ ದಿನಕ್ಕೆ ಬಹಳ ಏರಿಳಿಯುತ್ತದೆ. ಒಂದು ವೀರ್ಯಾಣು ಹುಟ್ಟಿ, ಬೆಳೆದು, ಹೊರಬರುವಷ್ಟರಲ್ಲಿ ಸುಮಾರು ಎರಡೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ಆದುದರಿಂದ ಎರಡು ತಿಂಗಳ ಹಿಂದೆ ಬಂದುಹೋದ ಕಡು ಜ್ವರದ ಫಲ ಇಂದಿನ ಪರೀಕ್ಷೆಯಲ್ಲಿ ಕಾಣಿಸಬಹುದು. ಮೊದಲ ಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಕಾಲಾವಕಾಶ ಕೊಟ್ಟು ಮತ್ತೊಮ್ಮೆ ಪರೀಕ್ಷಿಸಲು ಹೇಳುವುದು ಈ ಕಾರಣದಿಂದಲೇ.

ಹಾಗಾದರೆ ಈ ಕಿಟ್ಟುಗಳಿಂದ ಪ್ರಯೋಜನವೇ ಇಲ್ಲವೆ? ಇಲ್ಲವೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಂಜುವ ಗಂಡಸು ತನ್ನ ಕಡೆಯೂ ನೋಡಿಕೊಳ್ಳಬೇಕೆಂದು ಯೋಚಿಸಿದ್ದೇ ಒಳ್ಳೆಯ ಲಕ್ಷಣ. "ಕಡಿಮೆ" ಎಂದು ಬಂದ ಉತ್ತರ ಆತನನ್ನು ಬೇಗನೆ ವೈದ್ಯರ ಬಳಿಗೆ ಕರೆತಂದರೆ ಆ ಕಿಟ್ಟು ಉಪಕಾರ ಮಾಡಿದಂತೆಯೇ. ಆದರೆ "ಸರಿ" ಎಂದು ಬಂದ ಉತ್ತರವನ್ನು ಬೀರುವಿನಲ್ಲಿಟ್ಟು, ಹೆಂಡತಿಯೊಬ್ಬಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದರೆ ಅದೇ ಕಿಟ್ಟು ಅಪಕಾರ ಮಾಡಿದಂತೆ. ನಾನು ಮೊದಲು ಹೇಳಿದ ದಂಪತಿಗಳಿಗೆ ಮುಂದೆ ತಕ್ಕ ಚಿಕಿತ್ಸೆ ಪ್ರಾರಂಭವಾಯಿತು. ಆದರೆ ಕಳೆದುಹೋದ ಎರಡು ವರ್ಷಗಳನ್ನಾಗಲಿ, ಆ ಎರಡು ವರ್ಷ ಆಕೆ ಕೇಳಿದ ಮಾತುಗಳನ್ನಾಗಲಿ ಯಾರು ಹಿಂದಕ್ಕೆ ತರಬಲ್ಲರು? ಹೆಣ್ಣಿಗೆ ವಯಸ್ಸು ಏರಿದಂತೆಲ್ಲ ಗರ್ಭ ನಿಲ್ಲುವ ಸಂಭವ ಇಳಿಯುತ್ತ ಹೋಗುತ್ತದೆ. ಆದುದರಿಂದ ಸುಳ್ಳು ಧೈರ್ಯದಲ್ಲಿ ಕಳೆದ ಒಂದೊಂದು ವರ್ಷವೂ ನಷ್ಟವೇ.

ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವವರು ಅನುಸರಿಸಬೇಕಾದ ಕ್ರಮವನ್ನು ಈಗ ತಿಳಿಸುತ್ತೇನೆ. ಪರೀಕ್ಷೆಗೆ ಮೊದಲು ಕನಿಷ್ಠ ಎರಡು ದಿನ, ಹೆಚ್ಚೆಂದರೆ ಏಳು ದಿನ ವೀರ್ಯ ಹೊರಹೋಗಿರಬಾರದು. ಆಸ್ಪತ್ರೆಯವರು ಕೊಟ್ಟ ಶುದ್ಧವಾದ ಅಗಲ ಬಾಯಿಯ ಡಬ್ಬಿಯಲ್ಲಿ, ಅಲ್ಲಿಯ ಪ್ರತ್ಯೇಕ ಕೊಠಡಿಯಲ್ಲಿಯೇ ಕೊಡುವುದು ಉತ್ತಮ. ಸ್ವಲ್ಪ ಹೊರಗೆ ಚೆಲ್ಲಿದ್ದರೆ ಮುಚ್ಚಿಡದೆ ಹೇಳಿಬಿಡಬೇಕು. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ, ಬಿಸಿಲು ತಗುಲದಂತೆ, ತಂಪೂ ಆಗದಂತೆ, ಮೈಗೆ ಹತ್ತಿರವಿಟ್ಟುಕೊಂಡು ತಲುಪಿಸಬೇಕು. ದೂರದ ಹಳ್ಳಿಯವರಿಗೆ ಇದು ಸಾಧ್ಯವಾಗದು. ಅವರು ಆಸ್ಪತ್ರೆಯಲ್ಲಿಯೇ ಕೊಡುವುದು ಸರಿ. ಇತ್ತೀಚೆಗೆ ಬಂದ ಜ್ವರ, ತೆಗೆದುಕೊಳ್ಳುತ್ತಿರುವ ಔಷಧಿ, ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಇದ್ದುದು, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡದ್ದು, ಇಂಥವುಗಳನ್ನೆಲ್ಲ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಕೊರತೆ ಕಂಡುಬಂದರೆ ಎದೆಗುಂದಬೇಕಾಗಿಲ್ಲ. ನಾನು ಹೇಳಿದ ರಕ್ತನಾಳಗಳ ಉಬ್ಬು ಸಾಮಾನ್ಯ ಗಂಡಸರಲ್ಲಿಯೇ ನೂರಕ್ಕೆ ಸುಮಾರು 15 ಮಂದಿಯಲ್ಲಿ ಇರುತ್ತದೆ. ಎಲ್ಲರಿಗೂ ಅದರಿಂದ ತೊಂದರೆಯಾಗುವುದಿಲ್ಲ. ತೊಂದರೆಯಾದವರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆಯಿಂದ ಗುಣ ಕಾಣುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ಅತಿಯಾದ ಮದ್ಯ ಇವುಗಳನ್ನು ಬಿಡುವುದು ನಮ್ಮ ಕೈಯಲ್ಲಿಯೇ ಇದೆ. ಮೈಕಟ್ಟು ಬೆಳೆಸಲೆಂದು ಕೆಲವು ಯುವಕರು ಚುಚ್ಚಿಸಿಕೊಳ್ಳುವ ಗಂಡು ಹಾರ್ಮೋನಿನ ಸೂಜಿಮದ್ದು ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲದು. "ಶಕ್ತಿ ಬರುತ್ತದೆ" ಎಂದು ಯಾರೋ ಹೇಳಿದರೆಂದು ಅದನ್ನು ತೆಗೆದುಕೊಳ್ಳಕೂಡದು. ಹೊಲದಲ್ಲಿ ಕೀಟನಾಶಕ ಸಿಂಪಡಿಸುವವರೂ ಎಚ್ಚರಿಕೆಯಿಂದಿರಬೇಕು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ, ಮಣ್ಣಿನ ಜಂತುಗಳನ್ನು ಕೊಲ್ಲುವ ಡಿಬಿಸಿಪಿ ಎಂಬ ಔಷಧಿಯನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಮಕ್ಕಳಾಗುತ್ತಿಲ್ಲವೆಂಬುದು ಬೆಳಕಿಗೆ ಬಂದಿತು. ಪರೀಕ್ಷಿಸಿದಾಗ ಹಲವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಎಲ್ಲ ಕೀಟನಾಶಕಗಳೂ ಹೀಗೆ ಮಾಡುತ್ತವೆಯೆಂದಲ್ಲ. ಆದರೂ ಕೈಚೀಲ, ಮುಖವಸ್ತ್ರ, ಮೈತುಂಬ ಬಟ್ಟೆ, ಕೆಲಸ ಮುಗಿದೊಡನೆ ಸ್ನಾನ, ಇವನ್ನು ಬಿಡಬಾರದು.

ವೀರ್ಯಾಣುಗಳು ತೀರ ಕಡಿಮೆಯಿದ್ದವರಿಗೂ ಇಂದು ದಾರಿಯುಂಟು. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ಸೇರಿಸುವ ವಿಧಾನದಿಂದ ಗರ್ಭ ನಿಂತ ವರದಿ 1992ರಲ್ಲಿ ಬೆಲ್ಜಿಯಮ್ಮಿನಿಂದ ಪ್ರಕಟವಾಯಿತು. ಆದರೆ ಇದು ವೆಚ್ಚದ ಚಿಕಿತ್ಸೆ, ಎಲ್ಲರಿಗೂ ಫಲಿಸುವುದೂ ಇಲ್ಲ. ಇಂಥ ಚಿಕಿತ್ಸೆ ನೀಡುವ ಕೇಂದ್ರಗಳು 2021ರ ಕಾಯಿದೆಯಂತೆ ನೋಂದಣಿ ಮಾಡಿಸಿಕೊಂಡಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡದೆ ಹಣ ಕಟ್ಟಬೇಡಿ.

ಮಕ್ಕಳು ಸಾಕೆಂದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸರಿಗೂ ಇಲ್ಲಿ ಒಂದು ಮಾತು ಹೇಳಲೇಬೇಕು. ಶಸ್ತ್ರಚಿಕಿತ್ಸೆಯಾದೊಡನೆ ವೀರ್ಯಾಣುಗಳು ಇಲ್ಲವಾಗುವುದಿಲ್ಲ. ನಾಳದಲ್ಲಿ ಉಳಿದವು ಖಾಲಿಯಾಗಲು ಸಮಯ ಬೇಕು. ಆದುದರಿಂದ ಮೂರು ತಿಂಗಳವರೆಗೆ ನಿರೋಧ್ ಬಳಸಿ, ಆಮೇಲೆ ಆಸ್ಪತ್ರೆಯಲ್ಲಿ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣುಗಳಿಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ಅದನ್ನು ಬಿಡಬೇಕು. ಇಲ್ಲಿ ಮನೆಯ ಸಾಮಾನ್ಯ ಕಿಟ್ಟನ್ನು ನೆಚ್ಚುವುದು ದೊಡ್ಡ ತಪ್ಪು. ಅದರಲ್ಲಿ ಗೆರೆ ಮೂಡಲಿಲ್ಲವೆಂದರೆ ವೀರ್ಯಾಣುಗಳು ಎಲ್ಲೆಗಿಂತ ಕಡಿಮೆ ಎಂದು ಅರ್ಥವೇ ಹೊರತು ಒಂದೂ ಇಲ್ಲವೆಂದು ಅರ್ಥವಲ್ಲ. ಮಿಲಿಲೀಟರಿಗೆ 1 ಕೋಟಿ ಇದ್ದರೂ ಗೆರೆ ಮೂಡದು; ಗರ್ಭ ಮಾತ್ರ ನಿಲ್ಲಬಹುದು. ಆಗ ಏನಾಗುತ್ತದೆ? "ಶಸ್ತ್ರಚಿಕಿತ್ಸೆಯೂ ಆಗಿದೆ, ಪಟ್ಟಿಯಲ್ಲಿಯೂ ಏನೂ ಇಲ್ಲ, ಹಾಗಾದರೆ ಈ ಬಸಿರು ಎಲ್ಲಿಂದ?" ಎಂದು ಗಂಡ ಹೆಂಡತಿಯನ್ನು ಶಂಕಿಸುತ್ತಾನೆ. ಒಂದು ಪಟ್ಟಿಯನ್ನು ತಪ್ಪಾಗಿ ಓದಿದ್ದರಿಂದ ನಿರಪರಾಧಿಯಾದ ಹೆಣ್ಣೊಬ್ಬಳ ಮೇಲೆ ಎಂಥ ಅಪವಾದ ಬರಬಹುದೆಂಬುದನ್ನು ಯೋಚಿಸಿ ನೋಡಿ.

ಸೋದರರೆ, ವೀರ್ಯಾಣುಗಳ ಎಣಿಕೆಗೂ ಪುರುಷತ್ವಕ್ಕೂ ಸಂಬಂಧವಿಲ್ಲ. ಗಟ್ಟಿಮುಟ್ಟಾದ ದುಡಿಮೆಗಾರನಲ್ಲಿಯೂ, ದಾಂಪತ್ಯ ಸುಖದಲ್ಲಿ ಯಾವ ಕೊರತೆಯೂ ಇಲ್ಲದವನಲ್ಲಿಯೂ ವೀರ್ಯಾಣುಗಳು ಕಡಿಮೆಯಿರಬಹುದು. ಕಣ್ಣಿನ ದೃಷ್ಟಿ ಮಂದವಾದರೆ ನಾಚದೆ ಕನ್ನಡಕ ಹಾಕಿಕೊಳ್ಳುತ್ತೇವೆ. ಇದೂ ಶರೀರದ ಒಂದು ನ್ಯೂನತೆ ಅಷ್ಟೇ. ಸೋದರಿಯರೆ, ನಿಮ್ಮ ಯಜಮಾನರ ವರದಿಯಲ್ಲಿ ಕೊರತೆ ಬಂದರೆ ಅದನ್ನು ಬೇರೆಯವರ ಮುಂದೆ ಎತ್ತಿ ಆಡಬೇಡಿ. ಇಷ್ಟು ದಿನ ನಿಮ್ಮ ಮೇಲೆ ಬಂದ ಮಾತಿನ ಭಾರ ಇನ್ನು ಅವರ ಮೇಲೆ ಬೀಳುವುದರಿಂದ ಯಾರಿಗೂ ಸುಖವಿಲ್ಲ. ಅತ್ತೆ ಮಾವಂದಿರೂ ಒಂದು ಮಾತು ತಿಳಿದಿರಬೇಕು. ಮಕ್ಕಳಾಗಲಿಲ್ಲವೆಂದು ಮಗನಿಗೆ ಎರಡನೆಯ ಮದುವೆ ಮಾಡುವುದು 1955ರ ಹಿಂದೂ ವಿವಾಹ ಕಾಯಿದೆಯಂತೆ ಅಪರಾಧ. ದೋಷ ಮಗನಲ್ಲಿಯೇ ಇದ್ದರೆ ಆ ಎರಡನೆಯ ಮದುವೆಯಿಂದ ಆಗುವುದು ಮತ್ತೊಬ್ಬ ಹೆಣ್ಣುಮಗಳ ಕಣ್ಣೀರು ಮಾತ್ರ.

ನಾನು ಹೇಳಿದ್ದನ್ನು ಸಂಗ್ರಹವಾಗಿ ಮತ್ತೊಮ್ಮೆ ಹೇಳಿ ಮುಗಿಸುತ್ತೇನೆ. ಮೊದಲನೆಯದಾಗಿ, ಯಾವ ತಡೆಯೂ ಇಲ್ಲದೆ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ವರ್ಷ ಮೀರಿದ್ದರೆ ಆರು ತಿಂಗಳಿಗೇ, ವೈದ್ಯರನ್ನು ಕಾಣಿರಿ. ಎರಡನೆಯದಾಗಿ, ಇಬ್ಬರೂ ಒಟ್ಟಿಗೆ ಹೋಗಿರಿ, ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿರಿ. ಗಂಡಸಿನ ಪರೀಕ್ಷೆ ಸುಲಭವಾದದ್ದು, ನೋವಿಲ್ಲದ್ದು. ಅದನ್ನು ಮೊದಲೇ ಮಾಡಿಸುವುದು ಜಾಣತನ. ಮೂರನೆಯದಾಗಿ, ಮನೆಯ ಕಿಟ್ಟಿನ ಉತ್ತರ "ಸರಿ" ಎಂದು ಬಂದರೂ "ಕಡಿಮೆ" ಎಂದು ಬಂದರೂ ಅದನ್ನು ತೀರ್ಪೆಂದು ತಿಳಿಯದೆ ವೈದ್ಯರ ಮುಂದಿಡಿರಿ. ನಾಲ್ಕನೆಯದಾಗಿ, ಶಸ್ತ್ರಚಿಕಿತ್ಸೆಯ ನಂತರದ ಪರೀಕ್ಷೆಗೆ ಆಸ್ಪತ್ರೆಯನ್ನಲ್ಲದೆ ಬೇರೆಯದನ್ನು ನಂಬದಿರಿ.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನಾಗಲಿ ಕೇಳಿರಿ. ವೀರ್ಯ ಪರೀಕ್ಷೆಯ ಸೌಲಭ್ಯವಿರುವ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಅವರು ಚೀಟಿ ಬರೆದುಕೊಡುತ್ತಾರೆ. ಆ ಚೀಟಿಯಲ್ಲಿ ಇಬ್ಬರ ಹೆಸರೂ ಇರಲಿ. ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಹೋಗಿಬನ್ನಿ.